ಗೇಮ್ ಟೆಕ್ಸ್‌ಚರ್‌ಗಳಲ್ಲಿ ಬಳಸುವ ಪಾರದರ್ಶಕ ಚಿತ್ರ ಕಡತ ಸ್ವರೂಪಗಳು

ವಿಡಿಯೋ ಗೇಮ್‌ಗಳಲ್ಲಿ ಮೂರು ಆಯಾಮದ ಆಕೃತಿಗಳ ಮೇಲ್ಮೈಗೆ ಹೊದಿಸುವ ಚಿತ್ರವನ್ನು ಟೆಕ್ಸ್‌ಚರ್ ಎಂದು ಕರೆಯುತ್ತಾರೆ. ಎಲೆ, ಹುಲ್ಲು, ಕಿಟಕಿಯ ಕಂಬಿ, ಗಾಜು, ಹೊಗೆ, ಕೂದಲು ಮತ್ತು ಪರದೆಯ ಮೇಲಿನ ಅಕ್ಷರಗಳಂತಹ ವಸ್ತುಗಳನ್ನು ತೋರಿಸುವಾಗ ಟೆಕ್ಸ್‌ಚರ್‌ನ ಕೆಲವು ಭಾಗಗಳು ಕಾಣಬಾರದು ಅಥವಾ ಅರೆಬರೆಯಾಗಿ ಕಾಣಬೇಕು. ಬಣ್ಣದ ಜೊತೆಗೆ ಈ ಪಾರದರ್ಶಕತೆಯ ಮಾಹಿತಿಯನ್ನೂ ಹಿಡಿದಿಡಬಲ್ಲ ಕಡತಗಳನ್ನು ಪಾರದರ್ಶಕ ಚಿತ್ರ ಕಡತ ಸ್ವರೂಪಗಳು ಎನ್ನಲಾಗುತ್ತದೆ. ಟಿಜಿಎ, ಪಿಎನ್‌ಜಿ, ಡಿಡಿಎಸ್ ಮತ್ತು ಕೆಟಿಎಕ್ಸ್ ಇವುಗಳಲ್ಲಿ ಪ್ರಮುಖವಾದವು. ಛಾಯಾಚಿತ್ರಗಳಿಗೆ ವ್ಯಾಪಕವಾಗಿ ಬಳಕೆಯಲ್ಲಿರುವ ಜೆಪೆಗ್ ಸ್ವರೂಪದಲ್ಲಿ ಪಾರದರ್ಶಕತೆಗೆ ಅವಕಾಶವಿಲ್ಲ.

ಕಲಾವಿದರು ಚಿತ್ರ ರಚಿಸುವಾಗ ಬಳಸುವ ಸ್ವರೂಪ ಮತ್ತು ಗ್ರಾಫಿಕ್ಸ್ ಪ್ರೊಸೆಸರ್ ಗೇಮ್ ನಡೆಯುವಾಗ ಓದುವ ಸ್ವರೂಪ ಸಾಮಾನ್ಯವಾಗಿ ಬೇರೆಬೇರೆಯಾಗಿರುತ್ತವೆ. ಈ ಎರಡರ ಆಯ್ಕೆಯು ಗೇಮ್‌ನ ಡೌನ್‌ಲೋಡ್ ಗಾತ್ರ, ಅದು ಬಳಸುವ ಮೆಮೊರಿ, ಚಿತ್ರದ ಗುಣಮಟ್ಟ ಮತ್ತು ಅದು ಯಾವ ಫೋನ್‌ಗಳಲ್ಲಿ ನಡೆಯುತ್ತದೆ ಎಂಬುದನ್ನು ನಿರ್ಧರಿಸುತ್ತದೆ.

ಆಲ್ಫಾ ಚಾನೆಲ್

ಸಾಮಾನ್ಯ ಬಣ್ಣದ ಚಿತ್ರದ ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು ಮತ್ತು ನೀಲಿ ಎಂಬ ಮೂರು ಬೆಲೆಗಳಿರುತ್ತವೆ. ಪಾರದರ್ಶಕತೆಗಾಗಿ ಸೇರಿಸುವ ನಾಲ್ಕನೆಯ ಬೆಲೆಗೆ ಆಲ್ಫಾ ಎಂದು ಹೆಸರು. ಆಲ್ಫಾ 0 ಆಗಿದ್ದರೆ ಪಿಕ್ಸೆಲ್ ಕಾಣುವುದಿಲ್ಲ; 1 ಆಗಿದ್ದರೆ (8 ಬಿಟ್‌ಗಳ ಚಿತ್ರದಲ್ಲಿ 255) ಪೂರ್ಣವಾಗಿ ಕಾಣುತ್ತದೆ. ಎಡ್ವಿನ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್ ಅವರು 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದಾಗ ಈ ಪರಿಕಲ್ಪನೆಯನ್ನು ರೂಪಿಸಿದರು. 1984ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ಕ್ರಿಯೆಗಳಿಗೆ ಗಣಿತದ ಚೌಕಟ್ಟನ್ನು ಒದಗಿಸಿದರು.

ಒಂದು ಚಿತ್ರವನ್ನು ಮತ್ತೊಂದರ ಮೇಲೆ ಇಡುವ ಮೂಲ ಸೂತ್ರ ಹೀಗಿದೆ:

ಫಲಿತಾಂಶ = ಮುನ್ನೆಲೆ × ಆಲ್ಫಾ + ಹಿನ್ನೆಲೆ × (1 − ಆಲ್ಫಾ)

ಉದಾಹರಣೆಗೆ, ಮುನ್ನೆಲೆಯ ಹಸಿರಿನ ಬೆಲೆ 200, ಆಲ್ಫಾ 0.25 ಮತ್ತು ಹಿನ್ನೆಲೆಯ ಹಸಿರಿನ ಬೆಲೆ 100 ಆಗಿದ್ದರೆ ಫಲಿತಾಂಶ 50 + 75, ಅಂದರೆ 125 ಆಗುತ್ತದೆ.

ಗೇಮ್‌ಗಳಲ್ಲಿ ಬಳಕೆ

ಪಾರದರ್ಶಕತೆಯು ಗೇಮ್ ದೃಶ್ಯದ ಲೆಕ್ಕಾಚಾರವನ್ನು ಕಡಿಮೆ ಮಾಡುವ ಸಾಧನವೂ ಹೌದು. ಬೆಂಗಳೂರಿನ ಇಂದಿರಾನಗರದಂತಹ ಬಡಾವಣೆಯ ಒಂದು ಬೀದಿಯನ್ನು ಗೇಮ್‌ನಲ್ಲಿ ರಚಿಸಬೇಕಾದರೆ ಸಾಲುಮರಗಳ ಪ್ರತಿಯೊಂದು ಎಲೆಯನ್ನೂ ಬಹುಭುಜಗಳಿಂದ ಕಟ್ಟುವುದು ದುಬಾರಿಯಾಗುತ್ತದೆ. ಬದಲಿಗೆ ಎಲೆಗಳ ಗೊಂಚಲಿನ ಚಿತ್ರವನ್ನು ಎರಡು ತ್ರಿಕೋನಗಳ ಒಂದು ಚಪ್ಪಟೆ ಹಾಳೆಗೆ ಹೊದಿಸಿ, ಎಲೆಯಿಲ್ಲದ ಜಾಗದ ಆಲ್ಫಾವನ್ನು 0 ಮಾಡಲಾಗುತ್ತದೆ. ಮನೆಗಳ ಕಿಟಕಿ ಕಂಬಿ, ಮಹಡಿಯ ಕಟಾಂಜನ, ಸಿಎಮ್‌ಎಚ್ ರಸ್ತೆಯ ಮೇಲೆ ಹಾದುಹೋಗುವ ಮೆಟ್ರೋ ಮಾರ್ಗದ ತಡೆಬೇಲಿ, ಗೋಡೆಗೆ ಅಂಟಿಸಿದ ಹರಿದ ಭಿತ್ತಿಪತ್ರ, ಅಂಗಡಿಯ ಗಾಜಿನ ಮೇಲಿನ ಬರಹ ಇವೆಲ್ಲವನ್ನೂ ಇದೇ ವಿಧಾನದಲ್ಲಿ ತೋರಿಸಬಹುದು.

ಇಂತಹ ಟೆಕ್ಸ್‌ಚರ್‌ಗಳನ್ನು ಚಿತ್ರಿಸಲು ಎರಡು ಮುಖ್ಯ ವಿಧಾನಗಳಿವೆ.

* ಆಲ್ಫಾ ಪರೀಕ್ಷೆ: ಆಲ್ಫಾ ಒಂದು ಗೊತ್ತಾದ ಮಿತಿಗಿಂತ (ಸಾಮಾನ್ಯವಾಗಿ 0.5) ಕಡಿಮೆಯಿದ್ದರೆ ಪಿಕ್ಸೆಲ್ಲನ್ನು ಕೈಬಿಡಲಾಗುತ್ತದೆ, ಇಲ್ಲದಿದ್ದರೆ ಪೂರ್ಣವಾಗಿ ಬಿಡಿಸಲಾಗುತ್ತದೆ. ಎಲೆ, ಬೇಲಿ ಮತ್ತು ಕಂಬಿಗಳಿಗೆ ಇದು ಸೂಕ್ತ. ವಸ್ತುಗಳನ್ನು ದೂರಕ್ಕೆ ತಕ್ಕಂತೆ ಜೋಡಿಸುವ ಅಗತ್ಯವಿಲ್ಲ. ಆದರೆ ಅಂಚುಗಳು ಒರಟಾಗಿ ಕಾಣಬಹುದು.
* ಆಲ್ಫಾ ಮಿಶ್ರಣ: ಮೇಲಿನ ಸೂತ್ರದಂತೆ ಮುನ್ನೆಲೆ ಮತ್ತು ಹಿನ್ನೆಲೆಗಳನ್ನು ಬೆರೆಸಲಾಗುತ್ತದೆ. ಗಾಜು, ಹೊಗೆ ಮತ್ತು ಬೆಳಕಿನ ಕಿರಣಗಳಿಗೆ ಇದು ಬೇಕು. ಫಲಿತಾಂಶ ಸರಿಯಾಗಿ ಬರಬೇಕಾದರೆ ದೂರದ ವಸ್ತುವನ್ನು ಮೊದಲು, ಹತ್ತಿರದ್ದನ್ನು ಅನಂತರ ಬಿಡಿಸಬೇಕು. ಹಲವು ಪದರಗಳು ಒಂದೇ ಪಿಕ್ಸೆಲ್‌ನ ಮೇಲೆ ಬಿದ್ದಾಗ ಪ್ರೊಸೆಸರ್‌ನ ಮೇಲಿನ ಹೊರೆ ಹೆಚ್ಚುತ್ತದೆ.

ಮೊದಲ ವಿಧಾನಕ್ಕೆ ಪ್ರತಿ ಪಿಕ್ಸೆಲ್‌ಗೆ ಒಂದೇ ಬಿಟ್‌ನ ಆಲ್ಫಾ ಸಾಕಾಗಬಹುದು. ಎರಡನೆಯದಕ್ಕೆ ಹಲವು ಹಂತಗಳ ಆಲ್ಫಾ ಅಗತ್ಯ. ಆದುದರಿಂದ ಸ್ವರೂಪದ ಆಯ್ಕೆ ಟೆಕ್ಸ್‌ಚರ್‌ನ ಉಪಯೋಗವನ್ನು ಅವಲಂಬಿಸಿದೆ.

ಮೂಲ ಕಡತ ಸ್ವರೂಪಗಳು

ಗಿಫ್: ಕಂಪ್ಯೂಸರ್ವ್ ಸಂಸ್ಥೆ 1987ರಲ್ಲಿ ಹೊರತಂದ ಸ್ವರೂಪ. 1989ರ ಪರಿಷ್ಕರಣೆಯಲ್ಲಿ ಬಣ್ಣಪಟ್ಟಿಯ ಒಂದು ಬಣ್ಣವನ್ನು ಪಾರದರ್ಶಕವೆಂದು ಗುರುತಿಸುವ ಸೌಲಭ್ಯ ಸೇರಿತು. ಒಂದು ಚೌಕಟ್ಟಿನಲ್ಲಿ 256 ಬಣ್ಣಗಳ ಮಿತಿ ಮತ್ತು ಅರೆಪಾರದರ್ಶಕತೆಯ ಅಭಾವದಿಂದಾಗಿ ಇಂದಿನ ಗೇಮ್ ಟೆಕ್ಸ್‌ಚರ್‌ಗಳಿಗೆ ಇದು ತಕ್ಕುದಲ್ಲ.

ಟಿಜಿಎ (ಟಾರ್ಗಾ): ಟ್ರೂವಿಷನ್ ಸಂಸ್ಥೆ 1984ರಲ್ಲಿ ತನ್ನ ಗ್ರಾಫಿಕ್ಸ್ ಕಾರ್ಡ್‌ಗಳಿಗಾಗಿ ರೂಪಿಸಿದ ಸ್ವರೂಪ. 32 ಬಿಟ್‌ನ ಟಿಜಿಎ ಕಡತದಲ್ಲಿ 24 ಬಿಟ್ ಬಣ್ಣಕ್ಕೂ 8 ಬಿಟ್ ಆಲ್ಫಾಕ್ಕೂ ಮೀಸಲು. ಇದರ ರಚನೆ ಬಹಳ ಸರಳವಾಗಿರುವುದರಿಂದ ಓದುವ ಪ್ರೋಗ್ರಾಂ ಬರೆಯುವುದು ಸುಲಭ. 1999ರ ಕ್ವೇಕ್ 3 ಅರೀನಾ ಗೇಮ್ ಟಿಜಿಎ ಮತ್ತು ಜೆಪೆಗ್ ಕಡತಗಳನ್ನು ಬಳಸಿತು. ಆಲ್ಫಾ ಚಾನೆಲ್ಲನ್ನು ಬಣ್ಣದಿಂದ ಪ್ರತ್ಯೇಕವಾಗಿ ನಿರ್ವಹಿಸಲು ಅನುಕೂಲವಾಗಿರುವ ಕಾರಣ ಕಲಾವಿದರು ಈಗಲೂ ಇದನ್ನು ಬಳಸುತ್ತಾರೆ.

ಪಿಎನ್‌ಜಿ: ಗಿಫ್ ಸ್ವರೂಪ ಅವಲಂಬಿಸಿದ್ದ ಎಲ್‌ಝಡ್‌ಡಬ್ಲ್ಯೂ ಸಂಕುಚನ ವಿಧಾನದ ಪೇಟೆಂಟ್ ಯೂನಿಸಿಸ್ ಸಂಸ್ಥೆಯ ಬಳಿ ಇತ್ತು. 1994ರ ಕೊನೆಯಲ್ಲಿ ಅದಕ್ಕೆ ಶುಲ್ಕ ಕೇಳುವ ಪ್ರಕಟಣೆ ಬಂದಾಗ, ಯಾರ ಅನುಮತಿಯೂ ಬೇಕಿಲ್ಲದ ಬದಲಿ ಸ್ವರೂಪವೊಂದನ್ನು ರೂಪಿಸಲು ಸ್ವಯಂಸೇವಕ ತಂತ್ರಜ್ಞರು ಮುಂದಾದರು. ಅದರ ಫಲವಾದ ಪಿಎನ್‌ಜಿಯ ಮೊದಲ ವಿವರಣೆ 1996ರ ಅಕ್ಟೋಬರ್‌ನಲ್ಲಿ ವರ್ಲ್ಡ್ ವೈಡ್ ವೆಬ್ ಒಕ್ಕೂಟದ ಶಿಫಾರಸಾಯಿತು. 2004ರಲ್ಲಿ ಐಎಸ್‌ಒ ಮಾನಕವಾಯಿತು. ಇದು ನಷ್ಟರಹಿತ ಸಂಕುಚನ ಬಳಸುತ್ತದೆ. ಪ್ರತಿ ಚಾನೆಲ್‌ಗೆ 8 ಅಥವಾ 16 ಬಿಟ್‌ಗಳ ಆಲ್ಫಾವನ್ನು ಹಿಡಿದಿಡುತ್ತದೆ.

ಟಿಫ್ ಮತ್ತು ಪಿಎಸ್‌ಡಿ: ಪದರಗಳು, ಹಲವು ಚಾನೆಲ್‌ಗಳು ಮತ್ತು ಹೆಚ್ಚಿನ ಬಿಟ್ ಆಳವನ್ನು ಉಳಿಸಿಕೊಳ್ಳಬೇಕಾದ ಕೆಲಸದ ಕಡತಗಳಿಗೆ ಇವು ಬಳಕೆಯಲ್ಲಿವೆ. ಗೇಮ್‌ನೊಳಗೆ ಇವುಗಳನ್ನು ನೇರವಾಗಿ ಸೇರಿಸುವುದಿಲ್ಲ.

ವೆಬ್‌ಪಿ: ಗೂಗಲ್ 2010ರಲ್ಲಿ ಪ್ರಕಟಿಸಿದ ಸ್ವರೂಪ. ನಷ್ಟಸಹಿತ ಸಂಕುಚನದೊಂದಿಗೂ ಆಲ್ಫಾ ಚಾನೆಲ್ ಇರಬಲ್ಲದು ಎಂಬುದು ಇದರ ವೈಶಿಷ್ಟ್ಯ. ಬ್ರೌಸರ್‌ನಲ್ಲಿ ನಡೆಯುವ ಎರಡು ಆಯಾಮದ ಗೇಮ್‌ಗಳಲ್ಲಿ ಡೌನ್‌ಲೋಡ್ ಗಾತ್ರ ತಗ್ಗಿಸಲು ನೆರವಾಗುತ್ತದೆ.

ಕಡತದ ಗಾತ್ರ ಮತ್ತು ಮೆಮೊರಿ

ಪಿಎನ್‌ಜಿ ಕಡತ ಡಿಸ್ಕ್‌ನಲ್ಲಿ ಚಿಕ್ಕದಾಗಿದ್ದರೆ ಗೇಮ್ ನಡೆಯುವಾಗಲೂ ಕಡಿಮೆ ಮೆಮೊರಿ ಬಳಸುತ್ತದೆ ಎಂಬುದು ಸಾಮಾನ್ಯವಾದ ತಪ್ಪು ಗ್ರಹಿಕೆ. ಗ್ರಾಫಿಕ್ಸ್ ಪ್ರೊಸೆಸರ್‌ಗೆ ಟೆಕ್ಸ್‌ಚರ್‌ನ ಯಾವುದೇ ಪಿಕ್ಸೆಲ್ಲನ್ನು ಯಾವುದೇ ಕ್ಷಣದಲ್ಲಿ ಓದುವ ಅಗತ್ಯವಿರುತ್ತದೆ. ಪಿಎನ್‌ಜಿಯ ಸಂಕುಚನದಲ್ಲಿ ಒಂದು ಭಾಗವನ್ನು ತಿಳಿಯಲು ಅದರ ಹಿಂದಿನ ಭಾಗಗಳನ್ನೂ ಬಿಡಿಸಬೇಕು. ಆದ್ದರಿಂದ ಗೇಮ್ ಅದನ್ನು ಪೂರ್ತಿಯಾಗಿ ಬಿಡಿಸಿ ಮೆಮೊರಿಯಲ್ಲಿ ಇಡುತ್ತದೆ.

2048 × 2048 ಪಿಕ್ಸೆಲ್‌ಗಳ ಟೆಕ್ಸ್‌ಚರ್ ಒಂದಕ್ಕೆ ಪ್ರತಿ ಪಿಕ್ಸೆಲ್‌ಗೆ 4 ಬೈಟ್‌ನಂತೆ 16 ಮೆಗಾಬೈಟ್ ಬೇಕು. ಚಿತ್ರ ಪೂರ್ತಿ ಒಂದೇ ಬಣ್ಣದ್ದಾಗಿ, ಅದರ ಪಿಎನ್‌ಜಿ ಕಡತ ತೀರಾ ಚಿಕ್ಕದಾಗಿದ್ದರೂ ಈ ಲೆಕ್ಕ ಬದಲಾಗದು. ದೂರದಿಂದ ನೋಡುವಾಗ ಬಳಸಲು ಚಿತ್ರದ ಕಿರಿದಾದ ಪ್ರತಿಗಳನ್ನೂ (ಮಿಪ್‌ಮ್ಯಾಪ್) ಇಟ್ಟರೆ ಇನ್ನೂ ಮೂರನೆಯ ಒಂದು ಭಾಗ ಸೇರಿ ಸುಮಾರು 21.3 ಮೆಗಾಬೈಟ್ ಆಗುತ್ತದೆ. ನೂರಾರು ಟೆಕ್ಸ್‌ಚರ್‌ಗಳಿರುವ ಗೇಮ್ ಕಡಿಮೆ ಬೆಲೆಯ ಫೋನ್‌ನಲ್ಲಿ ಮೆಮೊರಿ ಸಾಲದೆ ನಿಂತುಹೋಗಲು ಇದು ಒಂದು ಕಾರಣ.

ಗ್ರಾಫಿಕ್ಸ್ ಪ್ರೊಸೆಸರ್ ನೇರವಾಗಿ ಓದುವ ಸಂಕುಚನಗಳು

ಈ ಸಮಸ್ಯೆಗೆ ಪರಿಹಾರವಾಗಿ ಬಂದದ್ದು ಖಂಡ ಸಂಕುಚನ. ಚಿತ್ರವನ್ನು 4 × 4 ಪಿಕ್ಸೆಲ್‌ಗಳಂತಹ ಚಿಕ್ಕ ಖಂಡಗಳಾಗಿ ವಿಂಗಡಿಸಿ ಪ್ರತಿ ಖಂಡವನ್ನೂ ನಿಗದಿತ ಸಂಖ್ಯೆಯ ಬಿಟ್‌ಗಳಲ್ಲಿ ಬರೆಯಲಾಗುತ್ತದೆ. ಎಲ್ಲ ಖಂಡಗಳ ಗಾತ್ರ ಒಂದೇ ಆಗಿರುವುದರಿಂದ ಪ್ರೊಸೆಸರ್ ಬೇಕಾದ ಖಂಡವನ್ನು ನೇರವಾಗಿ ತಲುಪಬಹುದು. ಟೆಕ್ಸ್‌ಚರ್ ಮೆಮೊರಿಯಲ್ಲಿಯೂ ಸಂಕುಚಿತವಾಗಿಯೇ ಉಳಿಯುತ್ತದೆ.

ಎಸ್‌3ಟಿಸಿ ಮತ್ತು ಡಿಡಿಎಸ್: ಎಸ್‌3 ಸಂಸ್ಥೆ 1998ರಲ್ಲಿ ತನ್ನ ಸ್ಯಾವೇಜ್ 3ಡಿ ಗ್ರಾಫಿಕ್ಸ್ ಚಿಪ್‌ನೊಂದಿಗೆ ಎಸ್‌3ಟಿಸಿ ವಿಧಾನವನ್ನು ತಂದಿತು. ಮೈಕ್ರೋಸಾಫ್ಟ್ ಇದನ್ನು ಡಿಎಕ್ಸ್‌ಟಿ ಎಂಬ ಹೆಸರಿನಲ್ಲಿ ಅಳವಡಿಸಿಕೊಂಡಿತು. ಇಂತಹ ಟೆಕ್ಸ್‌ಚರ್‌ಗಳನ್ನು ಮಿಪ್‌ಮ್ಯಾಪ್‌ಗಳ ಸಮೇತ ಇಡಲು ಡೈರೆಕ್ಟ್‌ಎಕ್ಸ್ 7ರೊಂದಿಗೆ 1999ರಲ್ಲಿ ಡಿಡಿಎಸ್ ಕಡತ ಸ್ವರೂಪ ಬಂದಿತು. ಡಿಎಕ್ಸ್‌ಟಿ1ರಲ್ಲಿ ಆಲ್ಫಾ ಇದೆ ಅಥವಾ ಇಲ್ಲ ಎಂಬ ಎರಡೇ ಹಂತಗಳಿವೆ. ಡಿಎಕ್ಸ್‌ಟಿ3ರಲ್ಲಿ ಪ್ರತಿ ಪಿಕ್ಸೆಲ್‌ಗೆ 4 ಬಿಟ್‌ನ ಆಲ್ಫಾ, ಅಂದರೆ 16 ಹಂತಗಳು. ಡಿಎಕ್ಸ್‌ಟಿ5 ಪ್ರತಿ ಖಂಡಕ್ಕೆ ಎರಡು ಆಲ್ಫಾ ಬೆಲೆಗಳನ್ನು ಇಟ್ಟು ನಡುವಿನವನ್ನು ಲೆಕ್ಕಹಾಕುವುದರಿಂದ ನವಿರಾದ ಏರಿಳಿತಗಳಿಗೆ ಹೆಚ್ಚು ಸೂಕ್ತ. ಡೈರೆಕ್ಟ್3ಡಿ 11ರಲ್ಲಿ ಬಂದ ಬಿಸಿ7 ಇದೇ ಗಾತ್ರದಲ್ಲಿ ಇನ್ನೂ ಉತ್ತಮ ಗುಣಮಟ್ಟ ನೀಡುತ್ತದೆ.

ಎಸ್‌3ಟಿಸಿಗೂ ಪೇಟೆಂಟ್ ಅಡ್ಡಿಯಿತ್ತು. ಇದರಿಂದಾಗಿ ಲಿನಕ್ಸ್‌ನ ಮುಕ್ತ ಗ್ರಾಫಿಕ್ಸ್ ಡ್ರೈವರ್‌ಗಳು ಇದನ್ನು ಪ್ರತ್ಯೇಕ ಲೈಬ್ರರಿಯ ಮೂಲಕ ಮಾತ್ರ ಒದಗಿಸುತ್ತಿದ್ದವು. 2017ರ ಅಕ್ಟೋಬರ್‌ನಲ್ಲಿ ಪೇಟೆಂಟ್ ಅವಧಿ ಮುಗಿದ ಬಳಿಕ ಮೆಸಾ ಯೋಜನೆ ಇದನ್ನು ನೇರವಾಗಿ ಸೇರಿಸಿಕೊಂಡಿತು.

ಇಟಿಸಿ1 ಮತ್ತು ಇಟಿಸಿ2: ಎರಿಕ್‌ಸನ್ ಸಂಶೋಧನಾ ವಿಭಾಗದಲ್ಲಿ ರೂಪುಗೊಂಡ ಇಟಿಸಿ1 ಓಪನ್‌ಜಿಎಲ್ ಇಎಸ್ 2.0 ಕಾಲದ ಆಂಡ್ರಾಯ್ಡ್ ಫೋನ್‌ಗಳಲ್ಲಿ ಬಹುತೇಕ ಎಲ್ಲೆಡೆ ಲಭ್ಯವಿದ್ದ ಸಂಕುಚನ. ಆದರೆ ಅದರಲ್ಲಿ ಆಲ್ಫಾ ಇರಲಿಲ್ಲ. ಆದಕಾರಣ ಅಭಿವೃದ್ಧಿಗಾರರು ಬಣ್ಣಕ್ಕೆ ಒಂದು, ಆಲ್ಫಾಕ್ಕೆ ಒಂದು ಎಂದು ಎರಡು ಟೆಕ್ಸ್‌ಚರ್‌ಗಳನ್ನು ಮಾಡಿ ಬಿಡಿಸುವಾಗ ಕೂಡಿಸುತ್ತಿದ್ದರು. 2012ರ ಓಪನ್‌ಜಿಎಲ್ ಇಎಸ್ 3.0 ಆಲ್ಫಾ ಸೌಲಭ್ಯವುಳ್ಳ ಇಟಿಸಿ2ವನ್ನು ಕಡ್ಡಾಯಗೊಳಿಸಿತು.

ಪಿವಿಆರ್‌ಟಿಸಿ: ಇಮ್ಯಾಜಿನೇಷನ್ ಟೆಕ್ನಾಲಜೀಸ್ ಸಂಸ್ಥೆಯ ಈ ವಿಧಾನವನ್ನು ಐಫೋನ್‌ಗಳು ಆರಂಭದಿಂದ ಬಳಸಿದವು. ಪ್ರತಿ ಪಿಕ್ಸೆಲ್‌ಗೆ 4 ಅಥವಾ 2 ಬಿಟ್‌ಗಳಲ್ಲಿ ಆಲ್ಫಾ ಸಹಿತ ಬಣ್ಣವನ್ನು ಇಡುತ್ತದೆ. ಹರಿತವಾದ ಅಂಚುಗಳಲ್ಲಿ ಮಸುಕು ಕಾಣಿಸಿಕೊಳ್ಳುವುದುಂಟು.

ಎಎಸ್‌ಟಿಸಿ: ಆರ್ಮ್ ಮತ್ತು ಎಎಮ್‌ಡಿ ರೂಪಿಸಿದ ಈ ವಿಧಾನವನ್ನು ಕ್ರೋನೋಸ್ ಸಮೂಹ 2012ರಲ್ಲಿ ಅಂಗೀಕರಿಸಿತು. ಖಂಡದ ಗಾತ್ರವನ್ನು 4 × 4ರಿಂದ 12 × 12ರವರೆಗೆ ಆರಿಸಿಕೊಳ್ಳಬಹುದು. ಪ್ರತಿ ಖಂಡಕ್ಕೆ 128 ಬಿಟ್‌ಗಳು ಸ್ಥಿರ. ಹೀಗಾಗಿ ಗುಣಮಟ್ಟ ಮತ್ತು ಗಾತ್ರಗಳ ನಡುವೆ ಟೆಕ್ಸ್‌ಚರ್‌ಗೆ ತಕ್ಕಂತೆ ಹೊಂದಾಣಿಕೆ ಮಾಡಿಕೊಳ್ಳಲು ಸಾಧ್ಯ.

ಕೆಟಿಎಕ್ಸ್ ಮತ್ತು ಬೇಸಿಸ್ ಯೂನಿವರ್ಸಲ್: ಕೆಟಿಎಕ್ಸ್ ಎಂಬುದು ಕ್ರೋನೋಸ್ ಸಮೂಹದ ಕಡತ ಸ್ವರೂಪ, ಡಿಡಿಎಸ್‌ನಂತೆ ಇದೂ ಸಂಕುಚಿತ ಟೆಕ್ಸ್‌ಚರ್‌ಗಳನ್ನು ಹೊತ್ತೊಯ್ಯುವ ಪೆಟ್ಟಿಗೆ. ಬೈನೋಮಿಯಲ್ ಸಂಸ್ಥೆಯ ಬೇಸಿಸ್ ಯೂನಿವರ್ಸಲ್ 2019ರಲ್ಲಿ ಗೂಗಲ್ ಸಹಯೋಗದಲ್ಲಿ ಮುಕ್ತ ತಂತ್ರಾಂಶವಾಯಿತು. ಒಂದೇ ಕಡತವನ್ನು ಕಳುಹಿಸಿ, ಆಯಾ ಸಾಧನಕ್ಕೆ ಹೊಂದುವ ಇಟಿಸಿ2, ಬಿಸಿ7 ಅಥವಾ ಎಎಸ್‌ಟಿಸಿ ಆಗಿ ಅಲ್ಲಿಯೇ ಪರಿವರ್ತಿಸಿಕೊಳ್ಳುವುದು ಇದರ ಉದ್ದೇಶ.

2048 × 2048 ಪಿಕ್ಸೆಲ್‌ಗಳ ಟೆಕ್ಸ್‌ಚರ್‌ಗೆ (ಮಿಪ್‌ಮ್ಯಾಪ್ ಹೊರತುಪಡಿಸಿ) ಬೇಕಾಗುವ ಮೆಮೊರಿ ಹೀಗಿದೆ:

| ವಿಧಾನ | ಪ್ರತಿ ಪಿಕ್ಸೆಲ್‌ಗೆ ಬಿಟ್‌ಗಳು | ಮೆಮೊರಿ | ಆಲ್ಫಾ |
|---|---|---|---|
| ಸಂಕುಚನವಿಲ್ಲದ 32 ಬಿಟ್ (ಪಿಎನ್‌ಜಿ, ಟಿಜಿಎ ಬಿಡಿಸಿದಾಗ) | 32 | 16 ಮೆಗಾಬೈಟ್ | 256 ಹಂತಗಳು |
| ಡಿಎಕ್ಸ್‌ಟಿ1 | 4 | 2 ಮೆಗಾಬೈಟ್ | 2 ಹಂತಗಳು |
| ಡಿಎಕ್ಸ್‌ಟಿ5, ಬಿಸಿ7 | 8 | 4 ಮೆಗಾಬೈಟ್ | ಹಲವು ಹಂತಗಳು |
| ಇಟಿಸಿ1 | 4 | 2 ಮೆಗಾಬೈಟ್ | ಇಲ್ಲ |
| ಇಟಿಸಿ2 (ಪೂರ್ಣ ಆಲ್ಫಾ ಸಹಿತ) | 8 | 4 ಮೆಗಾಬೈಟ್ | ಹಲವು ಹಂತಗಳು |
| ಎಎಸ್‌ಟಿಸಿ 4 × 4 | 8 | 4 ಮೆಗಾಬೈಟ್ | ಹಲವು ಹಂತಗಳು |
| ಎಎಸ್‌ಟಿಸಿ 8 × 8 | 2 | 1 ಮೆಗಾಬೈಟ್ | ಹಲವು ಹಂತಗಳು |

ಸಾಮಾನ್ಯ ದೋಷಗಳು ಮತ್ತು ಪರಿಹಾರ

ಅಂಚಿನ ಗೆರೆ: ಎಲೆಯ ಸುತ್ತ ತೆಳುವಾದ ಬಿಳಿ ಅಥವಾ ಕಪ್ಪು ಗೆರೆ ಕಾಣಿಸುವುದು ಅತಿ ಸಾಮಾನ್ಯ ದೋಷ. ಆಲ್ಫಾ 0 ಇರುವ ಪಿಕ್ಸೆಲ್‌ಗಳಲ್ಲೂ ಒಂದು ಬಣ್ಣ ಅಡಗಿರುತ್ತದೆ. ಪ್ರೊಸೆಸರ್ ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ತೆಗೆಯುವಾಗ ಆ ಬಣ್ಣವೂ ಬೆರೆಯುತ್ತದೆ. 200 ಬೆಲೆಯ ಅಚ್ಚ ಹಸಿರು ಪಿಕ್ಸೆಲ್‌ನ ಪಕ್ಕದಲ್ಲಿ ಕಾಣದ ಬಿಳಿ ಪಿಕ್ಸೆಲ್ ಇದ್ದರೆ, ನಡುವಿನ ಸ್ಥಾನದಲ್ಲಿ ಕೆಂಪು ಮತ್ತು ನೀಲಿಗಳು 0ಯಿಂದ ಸುಮಾರು 128ಕ್ಕೆ ಏರಿ ಅಂಚು ಬಿಳಿಚಿಕೊಳ್ಳುತ್ತದೆ. ಕಾಣದ ಜಾಗಕ್ಕೂ ಎಲೆಯ ಬಣ್ಣವನ್ನೇ ಹರಡುವುದು ಒಂದು ಪರಿಹಾರ. ಯೂನಿಟಿ ಮತ್ತು ಗೋಡೋ ಎಂಜಿನ್‌ಗಳಲ್ಲಿ ಚಿತ್ರವನ್ನು ಆಮದು ಮಾಡುವಾಗ ಇದನ್ನು ತಾನಾಗಿ ಮಾಡುವ ಆಯ್ಕೆಗಳಿವೆ.

ಪೂರ್ವಗುಣಿತ ಆಲ್ಫಾ: ಇನ್ನೊಂದು ಪರಿಹಾರವೆಂದರೆ ಬಣ್ಣವನ್ನು ಆಲ್ಫಾದಿಂದ ಮೊದಲೇ ಗುಣಿಸಿ ಇಡುವುದು. ಆಗ ಕಾಣದ ಪಿಕ್ಸೆಲ್‌ಗಳ ಬಣ್ಣ 0 ಆಗುವುದರಿಂದ ಸರಾಸರಿ ಕೆಡುವುದಿಲ್ಲ. ಪಿಎನ್‌ಜಿ ಮಾನಕದ ಪ್ರಕಾರ ಅದರಲ್ಲಿರುವುದು ಗುಣಿಸದ ಬಣ್ಣ. ಗುಣಿಸದ ಟೆಕ್ಸ್‌ಚರನ್ನು ಪೂರ್ವಗುಣಿತವೆಂದು ಎಣಿಸಿ ಬಿಡಿಸಿದರೆ ಅಂಚುಗಳು ಅತಿಯಾಗಿ ಹೊಳೆಯುತ್ತವೆ, ತದ್ವಿರುದ್ಧವಾದರೆ ಕಪ್ಪಾಗುತ್ತವೆ. ಆದ್ದರಿಂದ ಕಡತ ಯಾವ ಬಗೆಯದೆಂಬುದನ್ನು ಕಲಾವಿದರೂ ಪ್ರೋಗ್ರಾಮರ್‌ಗಳೂ ಮೊದಲೇ ನಿಶ್ಚಯಿಸಿಕೊಳ್ಳಬೇಕಾಗುತ್ತದೆ.

ದೂರದ ಮರಗಳು ಬರಿದಾಗುವುದು: ಮಿಪ್‌ಮ್ಯಾಪ್ ತಯಾರಿಸುವಾಗ ಎಲೆಯ ಪಿಕ್ಸೆಲ್‌ಗಳು ಸುತ್ತಲಿನ ಖಾಲಿ ಜಾಗದೊಂದಿಗೆ ಸರಾಸರಿಯಾಗಿ ಆಲ್ಫಾ ಕುಗ್ಗುತ್ತದೆ. ಅದು 0.5ಕ್ಕಿಂತ ಕೆಳಗಿಳಿದರೆ ಆಲ್ಫಾ ಪರೀಕ್ಷೆಯಲ್ಲಿ ಎಲೆಗಳು ಮಾಯವಾಗಿ, ದೂರದ ಮರಗಳು ಎಲೆ ಉದುರಿದಂತೆ ಕಾಣುತ್ತವೆ. ಪ್ರತಿ ಹಂತದಲ್ಲೂ ಕಾಣುವ ಪಿಕ್ಸೆಲ್‌ಗಳ ಪ್ರಮಾಣ ಮೂಲದಷ್ಟೇ ಉಳಿಯುವಂತೆ ಆಲ್ಫಾವನ್ನು ಹೆಚ್ಚಿಸುವುದರಿಂದ ಇದನ್ನು ತಡೆಯಬಹುದು.

ಕನ್ನಡ ಅಕ್ಷರಗಳ ಟೆಕ್ಸ್‌ಚರ್

ಗೇಮ್‌ಗಳಲ್ಲಿ ಅಕ್ಷರಗಳನ್ನು ತೋರಿಸಲು ಅವುಗಳ ಆಕಾರಗಳನ್ನು ಒಂದೇ ಟೆಕ್ಸ್‌ಚರ್‌ನಲ್ಲಿ ಜೋಡಿಸಿಡುವುದು ರೂಢಿ. ಇಲ್ಲಿ ಬಣ್ಣದ ಅಗತ್ಯವಿಲ್ಲ. ಆಲ್ಫಾ ಒಂದೇ ಚಾನೆಲ್ ಸಾಕು. 2007ರಲ್ಲಿ ವಾಲ್ವ್ ಸಂಸ್ಥೆಯ ಕ್ರಿಸ್ ಗ್ರೀನ್ ವಿವರಿಸಿದ ವಿಧಾನದಲ್ಲಿ ಆಲ್ಫಾದ ಜಾಗದಲ್ಲಿ ಅಕ್ಷರದ ಅಂಚಿನಿಂದ ಇರುವ ದೂರವನ್ನು ಬರೆಯಲಾಗುತ್ತದೆ. ಇದರಿಂದ ಚಿಕ್ಕ ಟೆಕ್ಸ್‌ಚರ್‌ನಿಂದಲೂ ದೊಡ್ಡ ಅಕ್ಷರಗಳನ್ನು ನಯವಾದ ಅಂಚುಗಳೊಂದಿಗೆ ಬಿಡಿಸಬಹುದು.

ಇಂಗ್ಲಿಷ್‌ನಂತೆ ವರ್ಣಮಾಲೆಯ ಅಕ್ಷರಗಳನ್ನಷ್ಟೇ ಜೋಡಿಸಿಟ್ಟರೆ ಕನ್ನಡಕ್ಕೆ ಸಾಲದು. ಗುಣಿತಾಕ್ಷರಗಳು ಮತ್ತು ಒತ್ತಕ್ಷರಗಳಿಗೆ ಫಾಂಟ್‌ನಲ್ಲಿ ಪ್ರತ್ಯೇಕ ಆಕಾರಗಳಿರುತ್ತವೆ. 'ಸ್ತ್ರೀ' ಎಂಬಲ್ಲಿ ಬಳಸುವ ಯೂನಿಕೋಡ್ ಸಂಕೇತಗಳ ಕ್ರಮಕ್ಕೂ ಪರದೆಯ ಮೇಲಿನ ಆಕಾರಗಳ ಜೋಡಣೆಗೂ ನೇರ ಹೊಂದಾಣಿಕೆಯಿಲ್ಲ. ಹಾರ್ಫ್‌ಬಝ್‌ನಂತಹ ತಂತ್ರಾಂಶದಿಂದ ಪಠ್ಯವನ್ನು ಮೊದಲು ಆಕಾರಗಳಾಗಿ ಪರಿವರ್ತಿಸಿ, ಆ ಆಕಾರಗಳನ್ನು ಟೆಕ್ಸ್‌ಚರ್‌ನಲ್ಲಿ ಇಡಬೇಕು. ಒತ್ತುಗಳು ಸಾಲಿನ ಕೆಳಗೆ ಇಳಿಯುವುದರಿಂದ ಹೆಚ್ಚು ಎತ್ತರದ ಜಾಗವನ್ನೂ ಬಿಡಬೇಕಾಗುತ್ತದೆ. ಈ ಹಂತವನ್ನು ಕೈಬಿಟ್ಟ ಗೇಮ್‌ಗಳಲ್ಲಿ ಒತ್ತಕ್ಷರಗಳು ಒಡೆದು, ಅರ್ಧಾಕ್ಷರಗಳಾಗಿ ಕಾಣುತ್ತವೆ.

ಬೆಂಗಳೂರಿನಲ್ಲಿ ಗೇಮ್ ಕಲೆ

ಭಾರತದ ಮೊದಲ ಗೇಮ್ ಅಭಿವೃದ್ಧಿ ಸಂಸ್ಥೆಗಳಲ್ಲಿ ಒಂದಾದ ಧ್ರುವ ಇಂಟರ‍್ಯಾಕ್ಟಿವ್ 1997ರಲ್ಲಿ ರಾಜೇಶ್ ರಾವ್ ಅವರಿಂದ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ವಿದೇಶಿ ಗೇಮ್‌ಗಳಿಗೆ ಆಕೃತಿ ಮತ್ತು ಟೆಕ್ಸ್‌ಚರ್‌ಗಳನ್ನು ಒದಗಿಸುವ ಕೆಲಸದಲ್ಲಿ ಅದು ಹೆಸರು ಪಡೆಯಿತು. ಫೋರ್ಝಾ ರೇಸಿಂಗ್ ಗೇಮ್‌ಗಳು ಅದು ದುಡಿದ ಸರಣಿಗಳಲ್ಲಿ ಒಂದು. ಸ್ವೀಡನ್‌ನ ಸ್ಟಾರ್‌ಬ್ರೀಝ್ ಸಂಸ್ಥೆಯ ಒಡೆತನದಲ್ಲಿದ್ದ ಧ್ರುವವನ್ನು 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಖರೀದಿಸಿ, ಬೆಂಗಳೂರಿನಲ್ಲಿದ್ದ ತನ್ನ ರಾಕ್‌ಸ್ಟಾರ್ ಇಂಡಿಯಾ ಸ್ಟುಡಿಯೋದೊಂದಿಗೆ ವಿಲೀನಗೊಳಿಸಿತು. ಝಿಂಗಾ ಸಂಸ್ಥೆ 2010ರಲ್ಲಿ ನಗರದಲ್ಲಿ ಕಚೇರಿ ತೆರೆಯಿತು. ಎಎಸ್‌ಟಿಸಿ ರೂಪಿಸಿದ ಆರ್ಮ್ ಮತ್ತು ಎಎಮ್‌ಡಿ ಸಂಸ್ಥೆಗಳೂ ಬೆಂಗಳೂರಿನಲ್ಲಿ ಅಭಿವೃದ್ಧಿ ಕೇಂದ್ರಗಳನ್ನು ಹೊಂದಿವೆ.

ಕರ್ನಾಟಕ ಸರ್ಕಾರ 2012ರಲ್ಲಿ ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿಯನ್ನು ಜಾರಿಗೆ ತಂದಿತು. ಈ ಕ್ಷೇತ್ರದ ಉತ್ಕೃಷ್ಟತಾ ಕೇಂದ್ರವೊಂದು ನಗರದ ಪೂರ್ವಭಾಗದ ಮಹದೇವಪುರದಲ್ಲಿ 2021ರಲ್ಲಿ ಆರಂಭವಾಯಿತು.

ಹೊರಗುತ್ತಿಗೆಯ ಕಲಾ ಕೆಲಸದಲ್ಲಿ ಕಡತ ಸ್ವರೂಪದ ನಿಯಮಗಳಿಗೆ ವಿಶೇಷ ಮಹತ್ವವಿದೆ. ಟೆಕ್ಸ್‌ಚರ್ ಮಾಡುವವರು ಒಂದು ದೇಶದಲ್ಲಿಯೂ ಎಂಜಿನ್ ನಿರ್ವಹಿಸುವವರು ಇನ್ನೊಂದರಲ್ಲಿಯೂ ಇರುವಾಗ, ಆಲ್ಫಾ ಚಾನೆಲ್‌ನಲ್ಲಿ ಏನಿದೆ ಎಂಬುದನ್ನು ಕಡತವೊಂದೇ ಹೇಳಲಾರದು. ಅದು ಪಾರದರ್ಶಕತೆ ಆಗಿರಬಹುದು; ಹೊಳಪು ಅಥವಾ ಎತ್ತರದ ಮಾಹಿತಿಯೂ ಆಗಿರಬಹುದು. ಆದ್ದರಿಂದ ಚಾನೆಲ್‌ಗಳ ವಿವರ, ಗಾತ್ರ ಮತ್ತು ಕಡತದ ಹೆಸರಿಡುವ ಕ್ರಮವನ್ನು ಕೆಲಸ ಒಪ್ಪಿಸುವಾಗಲೇ ಲಿಖಿತವಾಗಿ ಗೊತ್ತುಪಡಿಸಲಾಗುತ್ತದೆ.

ಆಯ್ಕೆಯ ಮಾನದಂಡಗಳು

* ಮೂಲ ಚಿತ್ರವನ್ನು ಪಿಎನ್‌ಜಿ, ಟಿಜಿಎ ಅಥವಾ ಪಿಎಸ್‌ಡಿಯಂತಹ ನಷ್ಟರಹಿತ ಸ್ವರೂಪದಲ್ಲಿ ಉಳಿಸಲಾಗುತ್ತದೆ. ಖಂಡ ಸಂಕುಚನದಲ್ಲಿ ಕಳೆದ ವಿವರ ಮತ್ತೆ ದೊರೆಯುವುದಿಲ್ಲ.
* ಕಂಪ್ಯೂಟರ್ ಮತ್ತು ಕನ್ಸೋಲ್‌ಗಳಿಗೆ ಡಿಎಕ್ಸ್‌ಟಿ5 ಅಥವಾ ಬಿಸಿ7, ಇತ್ತೀಚಿನ ಫೋನ್‌ಗಳಿಗೆ ಎಎಸ್‌ಟಿಸಿ, ಹಳೆಯ ಆಂಡ್ರಾಯ್ಡ್ ಫೋನ್‌ಗಳಿಗೆ ಇಟಿಸಿ2 ರೂಢಿಯಲ್ಲಿವೆ. ಫೋನ್‌ಗೆ ಹೊಂದುವ ಟೆಕ್ಸ್‌ಚರ್‌ಗಳನ್ನಷ್ಟೇ ಕಳುಹಿಸುವ ಸೌಲಭ್ಯ ಗೂಗಲ್ ಪ್ಲೇನಲ್ಲಿದೆ.
* ಬ್ರೌಸರ್ ಗೇಮ್‌ಗಳಿಗೆ ಕೆಟಿಎಕ್ಸ್ 2 ಮತ್ತು ಬೇಸಿಸ್ ಯೂನಿವರ್ಸಲ್ ಅನುಕೂಲಕರ.
* ಗೆರೆಗಳು ಹರಿತವಾಗಿರಬೇಕಾದ ಪಿಕ್ಸೆಲ್ ಕಲೆ ಮತ್ತು ಚಿಕ್ಕ ಗುರುತುಚಿತ್ರಗಳಿಗೆ ಸಂಕುಚನವಿಲ್ಲದ 32 ಬಿಟ್ ಸ್ವರೂಪವೇ ಉತ್ತಮ. ಇವುಗಳ ಗಾತ್ರ ಕಿರಿದಾಗಿರುವುದರಿಂದ ಮೆಮೊರಿಯ ಹೊರೆಯೂ ಹೆಚ್ಚಾಗದು.
* ಪಾರದರ್ಶಕತೆ ಬೇಡದ ಗೋಡೆ, ನೆಲ ಮುಂತಾದ ಟೆಕ್ಸ್‌ಚರ್‌ಗಳಿಂದ ಆಲ್ಫಾ ಚಾನೆಲ್ಲನ್ನು ತೆಗೆದುಹಾಕಿ, ಡಿಎಕ್ಸ್‌ಟಿ5ರ ಬದಲು ಡಿಎಕ್ಸ್‌ಟಿ1 ಬಳಸಿದರೆ ಮೆಮೊರಿ ಅರ್ಧಕ್ಕೆ ಇಳಿಯುತ್ತದೆ.